ದವಡೆ ಕೀಲು ತಪ್ಪಿದಾಗ: ಒಂದು ಚಿಕಿತ್ಸೆಯ ಚರಿತ್ರೆ, ದೊಡ್ಡಗಾಜನೂರಿನ ಕಡೆಯಿಂದ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ.

ಗಡಿನಾಡಿನ ಆರೋಗ್ಯದ ಚರಿತ್ರೆ ಬಗ್ಗೆ ಮಾತಾಡಬೇಕು ಅಂತ ಸಂಘಟಕರು ಹೇಳಿದಾಗ, ಇಂಥ ಕಡೆ ಸಾಮಾನ್ಯವಾಗಿ ಬರುವ ಪ್ಲೇಗು, ಕಾಲರಾ, ಮಲೇರಿಯಾ ಇವನ್ನೆಲ್ಲ ಬಿಟ್ಟು ನಾನೊಂದು ಸಣ್ಣ ವಿಷಯ ಆರಿಸಿಕೊಂಡೆ. ದವಡೆಯ ಕೀಲು ತಪ್ಪುವುದು. ಆಕಳಿಸುವಾಗಲೋ, ಜೋರಾಗಿ ನಗುವಾಗಲೋ, ಹಲ್ಲು ಕೀಳಿಸಿಕೊಳ್ಳುವಾಗಲೋ ತೆರೆದ ಬಾಯಿ ಮತ್ತೆ ಮುಚ್ಚೋದೇ ಇಲ್ಲ. ಜೊಲ್ಲು ಸುರಿಯುತ್ತೆ, ಕಿವಿಯ ಮುಂದೆ ವಿಪರೀತ ನೋವು, ನುಂಗಕ್ಕಾಗಲ್ಲ, ಮಾತಾಡಕ್ಕಾಗಲ್ಲ. ಪ್ರಾಣಕ್ಕೆ ತಕ್ಷಣ ಅಪಾಯ ಇರೋದು ಅಪರೂಪ. ಆದರೆ ಅನುಭವಿಸುವವರಿಗೆ ಅದು ದೊಡ್ಡ ಗಾಬರಿ.

ಇದನ್ನೇ ಯಾಕೆ ಆರಿಸಿದೆ ಅಂತ ಮೊದಲೇ ಹೇಳಿಬಿಡ್ತೀನಿ. ಈ ತೊಂದರೆಗೆ ಮುಖ್ಯ ಚಿಕಿತ್ಸೆ ಅಂದ್ರೆ ಎರಡು ಕೈ. ಆ ಕೈಚಳಕ ಬರಹದಲ್ಲಿ ದಾಖಲಾಗಿ ಮೂರೂವರೆ ಸಾವಿರ ವರ್ಷ ಆಯ್ತು. ಹಾಗಾಗಿ ಯಂತ್ರ ಇರಲಿಲ್ಲ, ಔಷಧ ಇನ್ನೂ ಕಂಡುಹಿಡಿದಿರಲಿಲ್ಲ ಅನ್ನೋ ಸಬೂಬು ಇಲ್ಲಿ ನಡೆಯಲ್ಲ. ಒಂದು ಊರಿನ ಮನುಷ್ಯನಿಗೆ ಈ ಚಿಕಿತ್ಸೆ ಹೊತ್ತಿಗೆ ಸಿಗಲಿಲ್ಲ ಅಂದ್ರೆ ಕೊರತೆ ವಿದ್ಯೆಯದ್ದಲ್ಲ, ದಾರಿಯದ್ದು, ಭಾಷೆಯದ್ದು, ಆಡಳಿತದ್ದು. ಈ ಮಾತನ್ನು ದೊಡ್ಡಗಾಜನೂರನ್ನು ಮುಂದಿಟ್ಟುಕೊಂಡು ನೋಡೋಣ ಅಂತ. ನಾನು ವೈದ್ಯನಲ್ಲ, ಚರಿತ್ರೆಯ ವಿದ್ಯಾರ್ಥಿ. ವೈದ್ಯಕೀಯದ ವಿಷಯ ಬಂದಾಗ ಪುಸ್ತಕಗಳು ಹೇಳುವಷ್ಟನ್ನೇ ಹೇಳ್ತೀನಿ.

ಕೀಲು ತಪ್ಪುವುದು ಅಂದ್ರೆ ಏನು

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಒಂದು ಗುಂಡು ಮುಂದೆ ಹೋಗಿ ಹಿಂದೆ ಬರೋದು ಬೆರಳಿಗೆ ಗೊತ್ತಾಗುತ್ತೆ. ಅದು ಕೆಳದವಡೆಯ ಎಲುಬಿನ ತುದಿ. ತಲೆಬುರುಡೆಯಲ್ಲಿ ಅದಕ್ಕೊಂದು ಗುಳಿ ಇದೆ, ಗುಳಿಯ ಮುಂದೆ ಒಂದು ದಿಬ್ಬ ಇದೆ. ಬಾಯಿ ಅತಿಯಾಗಿ ತೆರೆದಾಗ ಗುಂಡು ಆ ದಿಬ್ಬ ದಾಟಿ ಮುಂದೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ. ಆಮೇಲೆ ಅಗಿಯುವ ಸ್ನಾಯುಗಳು ಬಿಗಿದುಕೊಂಡು ಅದನ್ನು ಅಲ್ಲೇ ಹಿಡಿದುಬಿಡ್ತವೆ. ಎರಡೂ ಕಡೆ ತಪ್ಪಿದರೆ ಗದ್ದ ಮುಂದಕ್ಕೆ ಚಾಚುತ್ತೆ. ಒಂದೇ ಕಡೆ ತಪ್ಪಿದರೆ ಗದ್ದ ಇನ್ನೊಂದು ಕಡೆಗೆ ವಾಲುತ್ತೆ.

ಇಷ್ಟು ತಿಳಿದರೆ ಚಿಕಿತ್ಸೆಯ ತರ್ಕ ತಾನಾಗೇ ತಿಳಿಯುತ್ತೆ. ಗುಂಡನ್ನು ನೇರ ಹಿಂದಕ್ಕೆ ತಳ್ಳಿದರೆ ಆಗಲ್ಲ, ದಿಬ್ಬ ಅಡ್ಡ ಇದೆ. ಮೊದಲು ಕೆಳಗೆ ಒತ್ತಬೇಕು, ಆಮೇಲೆ ಹಿಂದಕ್ಕೆ ತಳ್ಳಬೇಕು. ಮೊದಲು ಕೆಳಗೆ, ಆಮೇಲೆ ಹಿಂದೆ. ಚರಿತ್ರೆಯುದ್ದಕ್ಕೂ ಈ ಎರಡೇ ಹೆಜ್ಜೆ.

ಈಜಿಪ್ಟಿನ ಸುರುಳಿ, ಗ್ರೀಕರ ಎಚ್ಚರಿಕೆ

ನಮಗೆ ಸಿಕ್ಕಿರುವ ಅತಿ ಹಳೆಯ ದಾಖಲೆ ಎಡ್ವಿನ್ ಸ್ಮಿತ್ ಪಪೈರಸ್. 1862ರಲ್ಲಿ ಲಕ್ಸರ್‌ನಲ್ಲಿ ಎಡ್ವಿನ್ ಸ್ಮಿತ್ ಕೊಂಡ ಸುರುಳಿ ಇದು. ಕ್ರಿ.ಪೂ. 1600ರ ಸುಮಾರಿನ ಪ್ರತಿ, ಅದರ ಮೂಲ ಇನ್ನೂ ಹಳೆಯದು ಅಂತ ವಿದ್ವಾಂಸರು ಹೇಳ್ತಾರೆ. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1930ರಲ್ಲಿ ಅದನ್ನು ಅನುವಾದ ಮಾಡಿ ಪ್ರಕಟಿಸಿದ. ಅದರಲ್ಲಿ 48 ಪ್ರಕರಣಗಳಿವೆ. ಪ್ರತಿಯೊಂದಕ್ಕೂ ವೈದ್ಯ ಒಂದು ತೀರ್ಮಾನ ಹೇಳಬೇಕು: ಇದಕ್ಕೆ ಚಿಕಿತ್ಸೆ ಮಾಡ್ತೀನಿ, ಇದರ ಜೊತೆ ಸೆಣಸಿ ನೋಡ್ತೀನಿ, ಅಥವಾ ಇದು ಚಿಕಿತ್ಸೆಗೆ ಸಿಗುವಂಥದ್ದಲ್ಲ.

24ನೇ ಪ್ರಕರಣ ದವಡೆ ಮುರಿದದ್ದು. ಅದಕ್ಕೆ ಚಿಕಿತ್ಸೆ ಇಲ್ಲ ಅನ್ನೋದೇ ತೀರ್ಮಾನ. ಅದರ ಪಕ್ಕದ 25ನೆಯದು ದವಡೆ ಕೀಲು ತಪ್ಪಿದ್ದು. ಬಾಯಿ ತೆರೆದೇ ಇದೆ, ಮುಚ್ಚಲಾಗ್ತಿಲ್ಲ. ವೈದ್ಯ ಎರಡು ಹೆಬ್ಬೆರಳನ್ನು ಬಾಯೊಳಗೆ ದವಡೆಯ ಎರಡೂ ತುದಿಗಳ ಮೇಲಿಟ್ಟು, ಉಳಿದ ಬೆರಳುಗಳನ್ನು ಗದ್ದದ ಕೆಳಗೆ ಹಿಡಿದು, ಹಿಂದಕ್ಕೆ ಕೂರಿಸಬೇಕು. ಆಮೇಲೆ ಜೇನು ಹಚ್ಚಿ ಕಟ್ಟಬೇಕು. ತೀರ್ಮಾನ: ಇದಕ್ಕೆ ಚಿಕಿತ್ಸೆ ಮಾಡ್ತೀನಿ. ಮುರಿದದ್ದು ಬೇರೆ, ತಪ್ಪಿದ್ದು ಬೇರೆ ಅನ್ನೋ ವಿವೇಕ ಆಗಲೇ ಇತ್ತು. ಇವತ್ತೂ ಪೆಟ್ಟು ಬಿದ್ದು ಬಂದವರಿಗೆ ಮೊದಲು ಎಕ್ಸ್‌ರೇ ತೆಗೆಸೋದು ಇದೇ ಕಾರಣಕ್ಕೆ.

ಗ್ರೀಸಿನಲ್ಲಿ ಹಿಪೊಕ್ರೇಟಿಸ್‌ನ ಹೆಸರಿನಲ್ಲಿರುವ ಕೀಲುಗಳ ಕುರಿತ ಗ್ರಂಥ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತೆ. ಒಬ್ಬರು ತಲೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ದವಡೆಯನ್ನು ಒಳಗಿಂದಲೂ ಹೊರಗಿಂದಲೂ ಹಿಡಿದು ಅತ್ತಿತ್ತ ಆಡಿಸಿ ಸಡಿಲ ಮಾಡಬೇಕು, ಆಮೇಲೆ ಹಿಂದಕ್ಕೆ ಕೂರಿಸಿ ಬಾಯಿ ಮುಚ್ಚಿಸಬೇಕು. ಜೊತೆಗೊಂದು ಎಚ್ಚರಿಕೆಯೂ ಇದೆ. ಎರಡೂ ಕಡೆ ತಪ್ಪಿದ್ದನ್ನು ಕೂರಿಸದೆ ಬಿಟ್ಟರೆ ಜ್ವರ ಬಂದು ಹತ್ತು ದಿನದ ಸುಮಾರಿಗೆ ಸಾವು ಬರುತ್ತೆ ಅಂತ. ಇವತ್ತಿನ ವೈದ್ಯರು ಈ ಲೆಕ್ಕವನ್ನು ಒಪ್ಪಲ್ಲ. ಆದರೆ ತಡ ಮಾಡಬಾರದು ಅನ್ನೋ ಮಾತನ್ನು ಮಾತ್ರ ಪೂರ್ತಿ ಒಪ್ತಾರೆ.

ನಮ್ಮ ಗ್ರಂಥಗಳು

ಭಾರತದ ಕಡೆಗೆ ಬರೋಣ. ಚರಕಸಂಹಿತೆಯ ವಾತವ್ಯಾಧಿ ಅಧ್ಯಾಯದಲ್ಲಿ ಬಾಯಿ ತೆರೆದೇ ನಿಂತವನಿಗೆ ಹೇಳಿರುವ ಕ್ರಮ ಹೀಗಿದೆ: ದವಡೆಗೆ ಶಾಖ ಕೊಡಬೇಕು, ಹೆಬ್ಬೆರಳುಗಳಿಂದ ಒತ್ತಬೇಕು, ತೋರುಬೆರಳುಗಳಿಂದ ಗದ್ದವನ್ನು ಮೇಲೆತ್ತಬೇಕು. ಶಾಖದ ಮಾತು ಗಮನಿಸಿ. ಬಿಗಿದ ಸ್ನಾಯು ಸಡಿಲವಾಗದೆ ಕೀಲು ಕೂರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಇವತ್ತು ಅದೇ ಕೆಲಸಕ್ಕೆ ನೋವು ಕಡಿಮೆ ಮಾಡುವ, ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಡ್ತಾರೆ.

ಸುಶ್ರುತಸಂಹಿತೆ ಈ ವಿಷಯವನ್ನು ಮೂಳೆ ಮುರಿತದ ಚಿಕಿತ್ಸೆಯ ಜೊತೆಗಿಟ್ಟಿದೆ. ಕೀಲು ತಪ್ಪುವುದರಲ್ಲಿ ಆರು ಬಗೆ ಹೇಳಿದೆ. ದವಡೆಗೆ ಬಂದಾಗ, ಎಲುಬನ್ನು ಸರಿಯಾದ ಜಾಗಕ್ಕೆ ತಂದು, ಶಾಖ ಕೊಟ್ಟು, ಪಂಚಾಂಗೀ ಅನ್ನೋ ಕಟ್ಟು ಕಟ್ಟಬೇಕು ಅನ್ನುತ್ತೆ. ಸುಶ್ರುತ ಹೇಳುವ 14 ಬಗೆಯ ಕಟ್ಟುಗಳಲ್ಲಿ ಇದೊಂದು, ಐದು ಬಾಲಗಳಿರುವ ಪಟ್ಟಿ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಜಾನ್ ರೀ ಬಾರ್ಟನ್ ಹೆಸರಿನಲ್ಲಿ ಪ್ರಸಿದ್ಧವಾದ ಕಟ್ಟು ಕೂಡ ತಲೆಗೂ ಗದ್ದಕ್ಕೂ ಸುತ್ತುವ ಬಟ್ಟೆಯೇ. ಎರಡರ ಉದ್ದೇಶ ಒಂದೇ, ದವಡೆ ಮತ್ತೆ ಅಗಲವಾಗಿ ತೆರೆಯದ ಹಾಗೆ ನೋಡಿಕೊಳ್ಳೋದು.

ಇಲ್ಲಿ ಒಂದು ಗೊಂದಲವನ್ನೂ ಗಮನಿಸಬೇಕು. ವಾಗ್ಭಟನ ಅಷ್ಟಾಂಗಹೃದಯ ಈ ರೋಗಕ್ಕೆ ಕಾರಣ ಹೇಳುವಾಗ ನಾಲಿಗೆಯನ್ನು ಅತಿಯಾಗಿ ಕೆರೆಯುವುದು, ಒಣ ಪದಾರ್ಥ ಅಗಿಯುವುದು, ಪೆಟ್ಟು ಬೀಳುವುದು ಅಂತ ಪಟ್ಟಿ ಕೊಡುತ್ತೆ. ಇದರಿಂದ ಬಾಯಿ ತೆರೆದೇ ನಿಲ್ಲಬಹುದು ಅಥವಾ ಮುಚ್ಚಿಯೇ ನಿಲ್ಲಬಹುದು ಅನ್ನುತ್ತೆ. ತೆರೆದು ನಿಂತದ್ದು ಹೆಚ್ಚಾಗಿ ಕೀಲು ತಪ್ಪಿದ್ದು. ಮುಚ್ಚಿ ನಿಂತದ್ದರಲ್ಲಿ ಧನುರ್ವಾಯುವೂ ಸೇರಿರಬೇಕು. ಒಂದು ಕೈಯಿಂದ ಸರಿಹೋಗುವಂಥದ್ದು, ಇನ್ನೊಂದು ಪ್ರಾಣ ತೆಗೆಯುವಂಥದ್ದು. ಹಳ್ಳಿಗಳಲ್ಲಿ ಇವತ್ತೂ ಎರಡಕ್ಕೂ ‘ದವಡೆ ಹಿಡ್ಕೊಂಡಿದೆ’ ಅನ್ನೋ ಮಾತು ಬಳಸಿಬಿಡ್ತಾರೆ. ಗಾಯ ಆಗಿ ಕೆಲವು ದಿನಕ್ಕೆ ಬಾಯಿ ತೆರೆಯಲಾಗದೆ ಹಲ್ಲು ಕಚ್ಚಿಕೊಂಡರೆ ಅದು ಬೇರೆಯೇ ತುರ್ತು, ಅಲ್ಲಿ ಒಂದು ಗಂಟೆಯೂ ಕಾಯಬಾರದು.

ಇವತ್ತಿನ ತುರ್ತು ಚಿಕಿತ್ಸಾ ಕೊಠಡಿ

ಈಗಿನ ಆಸ್ಪತ್ರೆಯಲ್ಲಿ ಏನು ಮಾಡ್ತಾರೆ? ಮೊದಲು ವಿಚಾರಿಸ್ತಾರೆ: ಪೆಟ್ಟು ಬಿದ್ದಿತ್ತಾ, ಹಿಂದೆ ಹೀಗೆ ಆಗಿತ್ತಾ, ಎಷ್ಟು ಹೊತ್ತಾಯ್ತು, ಯಾವ ಔಷಧಿ ತಗೊಂಡಿದ್ರಿ. ಕೊನೇ ಪ್ರಶ್ನೆ ಬಹಳ ಮುಖ್ಯ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಇಂಥವುಗಳಿಂದ ಕೆಲವರಿಗೆ ದವಡೆ, ಕತ್ತು, ಕಣ್ಣಿನ ಸ್ನಾಯುಗಳು ತಿರುಚಿಕೊಳ್ತವೆ. ನೋಡೋಕೆ ಕೀಲು ತಪ್ಪಿದ ಹಾಗೇ ಕಾಣುತ್ತೆ. ಅಲ್ಲಿ ಬೇಕಾದದ್ದು ಕೈಯಲ್ಲ, ಪ್ರತಿಯೌಷಧದ ಇಂಜೆಕ್ಷನ್.

ನಿಜವಾಗಿ ಕೀಲು ತಪ್ಪಿದ್ದರೆ ರೋಗಿಯನ್ನು ತಗ್ಗಾದ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಹಿಂದಿನಿಂದ ಆಸರೆ ಕೊಟ್ಟು, ವೈದ್ಯರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಳಗಿನ ದವಡೆಹಲ್ಲುಗಳ ಮೇಲಿಡ್ತಾರೆ. ಬಟ್ಟೆ ಯಾಕೆ ಅಂದ್ರೆ ಕೀಲು ಕೂತ ಕ್ಷಣ ಬಾಯಿ ಫಟ್ ಅಂತ ಮುಚ್ಚಿಕೊಳ್ಳುತ್ತೆ. ಆಮೇಲೆ ಅದೇ ಎರಡು ಹೆಜ್ಜೆ. ಕೂತ ಮೇಲೆ ಕೆಲವು ವಾರ ಮೆತ್ತನೆ ಊಟ, ಆಕಳಿಕೆ ಬಂದರೆ ಗದ್ದಕ್ಕೆ ಮುಷ್ಟಿ ಒತ್ತಿ ಹಿಡಿಯೋದು.

ಹೊಸತು ಅಂತ ಹೇಳೋದಾದರೆ 2014ರಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರು ಪ್ರಕಟಿಸಿದ ಸಿರಿಂಜ್ ವಿಧಾನ ಇದೆ. ಸೂಜಿ ಇಲ್ಲದ ಖಾಲಿ ಸಿರಿಂಜನ್ನು ಹಿಂಬದಿಯ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು, ಮೆಲ್ಲಗೆ ಕಚ್ಚಿ ಹಿಂದೆ ಮುಂದೆ ಉರುಳಿಸಲು ರೋಗಿಗೇ ಹೇಳ್ತಾರೆ. ಪೆಟ್ಟಿಲ್ಲದೆ ತಪ್ಪಿದ 31 ಜನರಲ್ಲಿ 30 ಜನಕ್ಕೆ ಇದರಿಂದ ಕೀಲು ಕೂತಿತು, ಹೆಚ್ಚಿನವರಿಗೆ ಒಂದು ನಿಮಿಷದೊಳಗೇ. ಸಿರಿಂಜು ಇಲ್ಲದ ಆರೋಗ್ಯ ಕೇಂದ್ರ ಯಾವುದಿದೆ ಹೇಳಿ?

ತಡವಾದರೆ ಮಾತ್ರ ಕಥೆ ಬೇರೆ. ಗಂಟೆಗಳು ಕಳೆದ ಹಾಗೆ ಸ್ನಾಯು ಬಿಗಿಯುತ್ತೆ, ಕೈಯಿಂದ ಕೂರಿಸೋದು ಕಷ್ಟ ಆಗುತ್ತೆ. ವಾರಗಳೇ ಕಳೆದರೆ ಪೂರ್ತಿ ಅರಿವಳಿಕೆ ಕೊಡಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತೆ. ಪದೇ ಪದೇ ತಪ್ಪುವವರಿಗೆ ಆ ಎಲುಬಿನ ದಿಬ್ಬವನ್ನೇ ಕತ್ತರಿಸಿ ತೆಗೆಯುವ ವಿಧಾನವನ್ನು ಮಿರ್‌ಹಾಗ್ 1951ರಲ್ಲಿ ವಿವರಿಸಿದ. ಒಂದು ನಿಮಿಷದ ಕೆಲಸವನ್ನು ಆಪರೇಷನ್ ಥಿಯೇಟರಿನ ಕೆಲಸ ಮಾಡೋದು ಕಾಲ. ಕಾಲ ಕಳೆಯೋದು ದಾರಿಯಲ್ಲಿ. ಹಾಗಾಗಿ ಈಗ ದಾರಿಯ ಚರಿತ್ರೆಗೆ ಬರ್ತೀನಿ.

ದೊಡ್ಡಗಾಜನೂರಿನ ದಾರಿ

ದೊಡ್ಡಗಾಜನೂರು ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗೋದು ಡಾ. ರಾಜ್‌ಕುಮಾರ್. ಆಮೇಲೆ 2000ದ ಜುಲೈ 30ರ ರಾತ್ರಿ, ವೀರಪ್ಪನ್ ಅವರನ್ನು ಅಲ್ಲಿಂದ ಕಾಡಿಗೆ ಕರೆದೊಯ್ದದ್ದು. ಆ ಎರಡು ನೆನಪಿನ ಆಚೆಗೂ ಅದೊಂದು ಊರು, ಅಲ್ಲಿ ಜನ ಹೊಲ ಮಾಡ್ತಾರೆ, ದನ ಕಾಯ್ತಾರೆ, ಕಾಯಿಲೆ ಬೀಳ್ತಾರೆ.

ಆಡಳಿತದ ಲೆಕ್ಕದಲ್ಲಿ ಈ ಸೀಮೆ ಕೈ ಬದಲಾಯಿಸುತ್ತಲೇ ಬಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆಯ ಜೊತೆ ಕಂಪನಿಯ ಮದ್ರಾಸಿಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಪೆರಿಯಾರ್ ಜಿಲ್ಲೆ ಮಾಡಿದರು, ಅದೇ ಈಗಿನ ಈರೋಡು. ಇತ್ತ ಕರ್ನಾಟಕದಲ್ಲಿ 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು.

ಈಗ ನಕ್ಷೆ ನೋಡಿ. ತಾಳವಾಡಿಯಿಂದ ಚಾಮರಾಜನಗರಕ್ಕೆ ಬಯಲು ದಾರಿ, ಇಪ್ಪತ್ತು ಚಿಲ್ಲರೆ ಕಿಲೋಮೀಟರು. ತಮ್ಮದೇ ಜಿಲ್ಲೆಯ ಸತ್ಯಮಂಗಲಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವು ಇಳಿದು, ಬಣ್ಣಾರಿ ಮುಟ್ಟಬೇಕು. ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಜಿಲ್ಲಾ ಕೇಂದ್ರ ಈರೋಡು ನೂರು ಕಿಲೋಮೀಟರಿಗೂ ಆಚೆ. ದಾರಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗಿನಿಂದ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯ್ತಿದ್ದವು ಅಂತ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಆಂಬುಲೆನ್ಸಿಗೆ ಅಡ್ಡಿಯಿಲ್ಲ. ಆದರೆ ದವಡೆ ತಪ್ಪಿದವರು ಆಂಬುಲೆನ್ಸ್ ಕರೆಯಬೇಕು ಅಂತ ಎಷ್ಟು ಮನೆಯಲ್ಲಿ ಯೋಚಿಸ್ತಾರೆ? ‘ಬೆಳಗಾಗಲಿ ನೋಡೋಣ’ ಅನ್ನೋದೇ ಹೆಚ್ಚು. ಆ ಒಂದು ರಾತ್ರಿ ಸ್ನಾಯು ಬಿಗಿಯೋಕೆ ಸಾಕು.

ಬದಲಾವಣೆ ಆಗಿಲ್ಲ ಅಂತಲ್ಲ. 2008ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನಲ್ಲಿ, ಅದೇ ವರ್ಷ ನವೆಂಬರ್ 1ಕ್ಕೆ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಯಿತು. ತಾಳವಾಡಿಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ. 2016ರಲ್ಲಿ ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು, 2021ರ ಅಕ್ಟೋಬರಿನಲ್ಲಿ ಅದರ ಹೊಸ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಆನೆ ತುಳಿತದಂಥ ದೊಡ್ಡ ಅವಘಡಗಳಲ್ಲಿ ತಾಳವಾಡಿಯವರನ್ನು ಚಾಮರಾಜನಗರಕ್ಕೆ ಕರೆತಂದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದ್ತಾನೇ ಇರ್ತೀವಿ. ಜನರ ಕಾಲು ಹತ್ತಿರದ ಆಸ್ಪತ್ರೆ ಕಡೆ ನಡೆಯುತ್ತೆ, ಜಿಲ್ಲೆಯ ಗೆರೆ ನೋಡಲ್ಲ.

ಕಾನೂನು ಏನು ಹೇಳುತ್ತೆ? 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ, 1996ರಲ್ಲಿ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ತುರ್ತು ಚಿಕಿತ್ಸೆ ಕೊಡೋದು ವೈದ್ಯರ ಕರ್ತವ್ಯ, ಸರ್ಕಾರಿ ಆಸ್ಪತ್ರೆ ಅದನ್ನು ಹೊತ್ತಿಗೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕನ್ನೇ ಮುರಿದಂತೆ. ಎರಡನೇ ಪ್ರಕರಣ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದಾದ ಮೇಲೊಂದು ಆಸ್ಪತ್ರೆ ಸುತ್ತಿದ ಕೂಲಿಕಾರನದ್ದು. ಆ ತೀರ್ಪಿನ ಮಾತು ದೊಡ್ಡಗಾಜನೂರಿಗೂ ಸಲ್ಲುತ್ತೆ.

ಮಾತಿಲ್ಲದ ರೋಗಿ

ಕೊನೆಯ ವಿಷಯ ಭಾಷೆ. ದವಡೆ ತಪ್ಪಿದವರಿಗೆ ತುಟಿ ಕೂಡಿಸಲಾಗಲ್ಲ. ಪ, ಬ, ಮ ಇವು ಮೂರೂ ತುಟಿ ಕೂಡಿದರೆ ಮಾತ್ರ ಹುಟ್ಟುವ ಅಕ್ಷರ. ಅಂದ್ರೆ ಅಮ್ಮ, ಅಪ್ಪ ಅನ್ನೋಕೂ ಆಗಲ್ಲ. ವೈದ್ಯರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದವರು ಜೊತೆಗೆ ಬಂದವರು.

ತಾಳವಾಡಿ ಸೀಮೆಯ ಮನೆಮಾತು ಹೆಚ್ಚಾಗಿ ಕನ್ನಡ. ಕೆಳಗಿನ ಬಯಲಿನಿಂದ ನೇಮಕವಾಗಿ ಬರುವ ವೈದ್ಯರಿಗೆ, ದಾದಿಯರಿಗೆ ತಮಿಳು. ಗಡಿಯ ಜನ ಎರಡೂ ಮಾತಾಡ್ತಾರೆ, ಅದು ಅವರ ದೊಡ್ಡಗುಣ. ಆದರೆ ವಯಸ್ಸಾದ ಅಜ್ಜಿಯೊಬ್ಬರು, ಹಲ್ಲೆಲ್ಲ ಹೋಗಿ ದವಡೆ ಸಡಿಲವಾದವರು, ರಾತ್ರಿ ಹೊತ್ತು ಸೊಸೆಯ ಜೊತೆ ಬಂದರು ಅಂದ್ಕೊಳ್ಳಿ. ಬರೆದು ತೋರಿಸಿ ಅಂತ ಕಾಗದ ಕೊಟ್ಟರೆ ಯಾವ ಲಿಪಿಯಲ್ಲಿ ಬರೀಬೇಕು? ವಾಂತಿಗೆ ತಗೊಂಡ ಮಾತ್ರೆ ಯಾವುದು ಅನ್ನೋ ಒಂದು ಉತ್ತರದ ಮೇಲೆ ಕೈ ಬೇಕೋ ಇಂಜೆಕ್ಷನ್ ಬೇಕೋ ಅನ್ನೋದು ತೀರ್ಮಾನ ಆಗುತ್ತೆ. ಅಲ್ಲಿ ಭಾಷೆಯೂ ಚಿಕಿತ್ಸೆಯ ಒಂದು ಉಪಕರಣವೇ.

ಕನ್ನಡಕ್ಕೆ ವೈದ್ಯ ಹೊಸದೇನಲ್ಲ. 12ನೇ ಶತಮಾನದಲ್ಲೇ ಜಗದ್ದಳ ಸೋಮನಾಥ ಕರ್ಣಾಟಕ ಕಲ್ಯಾಣಕಾರಕ ಬರೆದ. ಒಂಬೈನೂರು ವರ್ಷದ ಹಿಂದೆಯೇ ಸಂಸ್ಕೃತದ ವೈದ್ಯವನ್ನು ಜನರ ಭಾಷೆಗೆ ತರಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ ತಾನೇ? ಗಡಿಯ ಆಸ್ಪತ್ರೆಯಲ್ಲಿ ಹತ್ತು ಪ್ರಶ್ನೆಗಳನ್ನು ಕನ್ನಡ, ತಮಿಳು ಎರಡರಲ್ಲೂ ಚಿತ್ರದ ಜೊತೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರೆ ರೋಗಿ ಬೆರಳು ತೋರಿಸಿಯೇ ಉತ್ತರ ಹೇಳಬಹುದು. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ಗಡಿ ವಿವಾದವೂ ಬೇಕಿಲ್ಲ.

ಪ್ರಶ್ನೋತ್ತರದಿಂದ

*ಕೆನ್ನೆಗೆ ಬಾರಿಸಿದರೆ ದವಡೆ ಕೂರುತ್ತೆ ಅಂತಾರಲ್ಲ?*

ನಾನೂ ಕೇಳಿದ್ದೀನಿ. ದಯವಿಟ್ಟು ಮಾಡಬೇಡಿ. ಪಕ್ಕದಿಂದ ಬಿದ್ದ ಏಟು ಗುಂಡನ್ನು ಕೆಳಕ್ಕೂ ಒಯ್ಯಲ್ಲ, ಹಿಂದಕ್ಕೂ ಒಯ್ಯಲ್ಲ. ಎಲುಬು ಮುರಿಯಬಹುದು. ಆಸ್ಪತ್ರೆ ಮುಟ್ಟುವವರೆಗೆ ಗದ್ದಕ್ಕೆ ಬಟ್ಟೆಯ ಆಸರೆ ಕೊಡಿ, ಜೊಲ್ಲು ಗಂಟಲಿಗೆ ಇಳಿಯದ ಹಾಗೆ ಮುಂದಕ್ಕೆ ಬಾಗಿಸಿ ಕೂರಿಸಿ, ತಿನ್ನಲು ಕುಡಿಯಲು ಕೊಡಬೇಡಿ, ತಗೊಳ್ತಿರುವ ಮಾತ್ರೆಗಳ ಚೀಟಿ ಜೊತೆಗೆ ತಗೊಂಡು ಹೋಗಿ.

*ನಾಟಿ ವೈದ್ಯರು ಮೂಳೆ ಕೂರಿಸ್ತಿದ್ದರು, ಪುತ್ತೂರು ಕಟ್ಟಿಗೆ ಈಗಲೂ ಜನ ಹೋಗ್ತಾರೆ. ಅವರ ಪಾತ್ರವನ್ನು ನೀವು ಹೇಳಲಿಲ್ಲ.*

ಒಳ್ಳೇ ಪ್ರಶ್ನೆ. ಕೈಯ ವಿದ್ಯೆ ಸಾವಿರಾರು ವರ್ಷ ಉಳಿದದ್ದು ಗ್ರಂಥದಿಂದ ಮಾತ್ರ ಅಲ್ಲ, ಅಂಥ ಕೈಗಳಿಂದ. ಹತ್ತಿರದಲ್ಲಿ ಇರೋದು ಅವರ ದೊಡ್ಡ ಶಕ್ತಿ. ಆದರೆ ಮುರಿತ, ಔಷಧದ ತಿರುಚು, ಧನುರ್ವಾಯು ಇವನ್ನು ಬೇರ್ಪಡಿಸಿ ನೋಡೋಕೆ ಎಕ್ಸ್‌ರೇ ಮತ್ತು ವೈದ್ಯರ ತರಬೇತಿ ಬೇಕು. ಹತ್ತಿರ ಇರೋ ಆ ಗುಣವನ್ನು ಸರ್ಕಾರಿ ಆಸ್ಪತ್ರೆ ಕಲೀಬೇಕು ಅನ್ನೋದು ನನ್ನ ಮಾತು.

*ಹಾಗಾದರೆ ತಾಳವಾಡಿಗೆ ಬೇಕಾದದ್ದು ಏನು? ದೊಡ್ಡ ಆಸ್ಪತ್ರೆಯೇ?*

ದೊಡ್ಡ ಆಸ್ಪತ್ರೆ ಬಂದರೆ ಯಾರು ಬೇಡ ಅಂತಾರೆ? ಆದರೆ ಈ ತೊಂದರೆಗೆ ಬೇಕಾದದ್ದು ರಾತ್ರಿ ಪಾಳಿಯಲ್ಲಿರುವ ವೈದ್ಯರ ಕೈಗೆ ಈ ಎರಡು ಹೆಜ್ಜೆ ಅಭ್ಯಾಸವಾಗಿರೋದು, ಒಂದು ಎಕ್ಸ್‌ರೇ, ರೋಗಿಯ ಮಾತು ತಿಳಿಯುವ ಒಬ್ಬರು. ಅದರಿಂದ ಆಗದಿದ್ದರೆ ಯಾವ ರಾಜ್ಯ ಅಂತ ನೋಡದೆ ಹತ್ತಿರದ ಆಸ್ಪತ್ರೆಗೆ ಕಳಿಸುವ, ಅಲ್ಲಿ ಕಾರ್ಡು ಕೇಳದೆ ನೋಡುವ ಒಪ್ಪಂದ ಎರಡು ಜಿಲ್ಲೆಗಳ ನಡುವೆ ಆಗಬೇಕು. ಚಾಮರಾಜನಗರದ ಕಡೆಯಿಂದ ಈ ಗೋಷ್ಠಿಗೆ ಸೇರಿರುವ ವೈದ್ಯ ಮಿತ್ರರು ಇದ್ದರೆ ಇದನ್ನು ದಯವಿಟ್ಟು ಮುಂದುವರಿಸಿ. ನನ್ನ ಸಮಯ ಮುಗೀತು ಅಂತ ಕಾಣುತ್ತೆ.